ಮೂವತ್ತೊಂದು ನೋಟುಪುಸ್ತಕ, ಮೂರು ಪುಟ ಅಂತಾರಾಷ್ಟ್ರೀಯ ಕಾನೂನು: ನನ್ನ ಅನುಭವ

ಕಳೆದ ದೀಪಾವಳಿಗೆ ನಾಲ್ಕು ದಿನ ಮುಂಚೆ ಜಂಟಿ ಅಳತೆಯ ಆದೇಶ ಕೈಗೆ ಬಂತು. ಉಳ್ಳಾಲ ತಾಲೂಕಿನಲ್ಲಿ ಕಡಲ್ಕೊರೆತಕ್ಕೆ ನೆಲ ಕಳೆದುಕೊಳ್ಳುತ್ತಿರುವ ತೀರದ ಒಂದು ಊರು, ಮೂವತ್ತೊಂದು ಮನೆಗಳು. ಡಿಸೆಂಬರ್ ಮುಗಿಯುವುದರೊಳಗೆ ಹತ್ತೊಂಬತ್ತು ಮನೆಯವರ ಹೆಸರು ಪುನರ್ವಸತಿ ಪಟ್ಟಿಗೆ ಸೇರಿತು, ತಲಾ ಐದು ಸೆಂಟ್ಸ್ ನಿವೇಶನ ಸಮೇತ. "ಹವಾಮಾನ ನ್ಯಾಯ, ಮಾನವ ಹಕ್ಕು ಇವೆಲ್ಲ ಜಿನೀವಾದಲ್ಲಿ ಚೆಂದ ಮಾರಾಯರೇ, ತಾಲೂಕು ಕಚೇರಿಯಲ್ಲಿ ನಡೆಯುವುದು ಮಹಜರು ಒಂದೇ" ಎಂದು ಆರು ವರ್ಷ ಹೇಳುತ್ತಿದ್ದ ವಕೀಲ ಮಿತ್ರರೇ ಈಗ ಅರ್ಜಿಯ ಪ್ರತಿ ಕೇಳುತ್ತಿದ್ದಾರೆ. ಒಬ್ಬೊಬ್ಬರಿಗೂ ಫೋನಿನಲ್ಲಿ ಹೇಳುವುದಕ್ಕಿಂತ ಬರೆದುಬಿಡುವುದು ಲೇಸು. ಪ್ರಕರಣ ಪೂರ್ತಿ ಮುಗಿದಿಲ್ಲವಾದ್ದರಿಂದ ಊರಿನ ಹೆಸರನ್ನೂ ಯಾವ ವೇದಿಕೆ ಎಂಬುದನ್ನೂ ಇಲ್ಲಿ ಹೇಳುವುದಿಲ್ಲ.

ಮೊದಲ ಅರ್ಜಿ 2019ರದ್ದು. ಅರವತ್ತನಾಲ್ಕು ಪುಟ. 1972ರ ಸ್ಟಾಕ್‌ಹೋಮ್ ಘೋಷಣೆಯಿಂದ 2015ರ ಪ್ಯಾರಿಸ್ ಒಪ್ಪಂದದವರೆಗೆ ಎಲ್ಲವನ್ನೂ ತುಂಬಿದ್ದೆ. ಹೊಗೆ ಕಡಿಮೆ ಮಾಡಿ ಎಂದು ನ್ಯಾಯಾಲಯವೇ ಸರಕಾರಕ್ಕೆ ಆದೇಶಿಸಿದ ನೆದರ್ಲೆಂಡ್ಸ್‌ನ ಉರ್ಗೆಂಡಾ ಪ್ರಕರಣಕ್ಕೇ ಒಂಬತ್ತು ಪುಟ. ವಿಚಾರಣೆ ನಾಲ್ಕು ನಿಮಿಷದಲ್ಲಿ ಮುಗಿಯಿತು. ಪೀಠದಿಂದ ಬಂದ ಪ್ರಶ್ನೆ ಒಂದೇ: "ಸಮುದ್ರ ಎಷ್ಟು ಅಡಿ ಒಳಗೆ ಬಂದಿದೆ?" ನನ್ನ ಬಳಿ ಉತ್ತರ ಇರಲಿಲ್ಲ. ಕಂದಾಯ ಇಲಾಖೆಗೆ ಹೋಗಿ ಎಂದು ಎರಡು ಸಾಲಿನಲ್ಲಿ ವಿಲೇವಾರಿಯಾಯಿತು. ಹಿರಿಯ ವಕೀಲರ ಶುಲ್ಕ, ಬೆಂಗಳೂರಿಗೆ ಓಡಾಟ, ಜೆರಾಕ್ಸ್ ಎಲ್ಲ ಸೇರಿ ಸುಮಾರು ಒಂದು ಲಕ್ಷದ ಎಂಬತ್ತು ಸಾವಿರ ಹೋಯಿತು. ಅದರಲ್ಲಿ ನಲವತ್ತು ಸಾವಿರ ಮೀನುಗಾರ ಮನೆಗಳಿಂದ ಐನೂರು, ಸಾವಿರ ಎಂದು ಒಟ್ಟಾದ ಹಣ. ಆ ನಷ್ಟ ಇವತ್ತಿಗೂ ನನ್ನನ್ನು ಚುಚ್ಚುತ್ತದೆ.

ಅಡಿ ಲೆಕ್ಕ ಬೇಕಲ್ಲ ಎಂದು ಮರದ ಗೂಟ ಹೊಡೆಸಿದೆವು. 2020ರ ಜೂನ್‌ನ ಮೊದಲ ವಾರದಲ್ಲೇ ಅಲೆ ಹನ್ನೆರಡು ಗೂಟಗಳನ್ನೂ ಕಿತ್ತುಕೊಂಡು ಹೋಯಿತು. ಆಮೇಲೆ ವಿದ್ಯುತ್ ಕಂಬಕ್ಕೆ ಬಣ್ಣದ ಗೆರೆ ಎಳೆದೆವು. 2021ರ ಮೇ ತಿಂಗಳ ತೌಕ್ತೆ ಚಂಡಮಾರುತಕ್ಕೆ ಆ ಕಂಬವೇ ಉರುಳಿತು. ಹುಡುಗರು ತೆಗೆದ ನೂರಾರು ಫೋಟೊಗಳು ವಾಟ್ಸ್‌ಆ್ಯಪ್ ಮೂಲಕ ಬಂದವು, ದಾರಿಯಲ್ಲೇ ದಿನಾಂಕ, ಸ್ಥಳದ ಮಾಹಿತಿ ಎಲ್ಲ ಅಳಿಸಿಹೋಗಿತ್ತು. ಎರಡು ಸಲ ಡ್ರೋನ್ ಹಾರಿಸಿದೆವು, ಸಲಕ್ಕೆ ಹದಿನಾಲ್ಕು ಸಾವಿರ. ಚಿತ್ರ ಸೊಗಸಾಗಿತ್ತು. ಆದರೆ ಯಾವ ಮನೆಯವರ ಜಾಗ ಎಷ್ಟು ಹೋಯಿತು ಎಂದು ಅದರಲ್ಲಿ ತಿಳಿಯುವುದಿಲ್ಲ. ಡ್ರೋನ್‌ಗೆ ದುಡ್ಡು ಹಾಕಬೇಡಿ.

ದಾರಿ ತೋರಿಸಿದ್ದು ಒಬ್ಬರು ಅಜ್ಜಿ, ಎಪ್ಪತ್ತು ದಾಟಿದವರು. ಬಿಸ್ಕತ್ತಿನ ತಗಡಿನ ಡಬ್ಬಿಯಲ್ಲಿ ತೀರ್ವೆ, ಅಂದರೆ ಭೂಕಂದಾಯದ ರಸೀದಿಗಳನ್ನು ವರ್ಷವಾರು ರಬ್ಬರ್ ಬ್ಯಾಂಡ್ ಹಾಕಿ ಇಟ್ಟಿದ್ದರು. ಪಹಣಿಯಲ್ಲಿ ಹನ್ನೊಂದು ಸೆಂಟ್ಸ್. ನೆಲದ ಮೇಲೆ ಉಳಿದದ್ದು ಸುಮಾರು ನಾಲ್ಕು. "ವಕೀಲರೇ, ಏಳು ಸೆಂಟ್ಸ್ ಕಡಲಿನೊಳಗೆ ಇದೆ, ಅದಕ್ಕೂ ತೀರ್ವೆ ಕಟ್ಟಿದ್ದೇನೆ" ಎಂದರು. ಯಾವ ಗಂಗೆಬೊಂಡದ ಮರ ಯಾವ ಮಳೆಗಾಲದಲ್ಲಿ ಬಿತ್ತು, ಮೀನು ಒಣಗಿಸುವ ಅಂಗಳ ಯಾವಾಗ ಹೋಯಿತು, ಬಾವಿ ನೀರು ಯಾವ ವರ್ಷ ಉಪ್ಪಾಯಿತು ಎಲ್ಲ ಅವರ ನಾಲಗೆಯ ತುದಿಯಲ್ಲಿತ್ತು. ಬರೆದಿಟ್ಟವರು ಯಾರೂ ಇರಲಿಲ್ಲ.

ಮರುದಿನವೇ ನಲವತ್ತೈದು ರೂಪಾಯಿಯ ಇನ್ನೂರು ಪುಟದ ನೋಟುಪುಸ್ತಕ ಮೂವತ್ತೊಂದು ತಂದೆ, ಮನೆಗೊಂದು. ಸಮುದ್ರದಿಂದ ಸುಮಾರು ಎಂಬತ್ತು ಮೀಟರ್ ಒಳಗಿರುವ ದೈವಸ್ಥಾನದ ಕಟ್ಟೆಯನ್ನು ಸ್ಥಿರ ಗುರುತಾಗಿ ಹಿಡಿದೆವು. ಪ್ರತಿ ಹುಣ್ಣಿಮೆ, ಅಮಾವಾಸ್ಯೆಗೆ ನೀರು ಏರಿದ ಹೊತ್ತಿನಲ್ಲಿ ಅಲ್ಲಿಂದ ಟೇಪು ಹಿಡಿದು ಅಳತೆ. ಅಳೆದವರು ಒಬ್ಬರು, ಬರೆದವರು ಇನ್ನೊಬ್ಬರು, ಸಹಿ ಮೂರನೆಯವರದ್ದು. ಒಂದೇ ಫೋನಿನಲ್ಲಿ, ಒಂದೇ ಜಾಗದಲ್ಲಿ ನಿಂತು ಫೋಟೊ. ಫೋನಿನಿಂದ ನೇರವಾಗಿ ಪೆನ್‌ಡ್ರೈವ್‌ಗೆ, ನಡುವೆ ಬೇರೇನೂ ಇಲ್ಲ. 2024ರ ಜುಲೈನಿಂದ ಭಾರತೀಯ ಸಾಕ್ಷ್ಯ ಅಧಿನಿಯಮ ಬಂದ ಮೇಲೆ 63ನೇ ಕಲಮಿನ ಪ್ರಮಾಣಪತ್ರಕ್ಕೆ ಹ್ಯಾಶ್ ಮೌಲ್ಯ (ಫೈಲು ಆಮೇಲೆ ಬದಲಾಗಿಲ್ಲ ಎಂದು ತೋರಿಸುವ ಅಂಕಿ-ಅಕ್ಷರಗಳ ಸಾಲು) ಬರೆಯಬೇಕು, ಎರಡನೇ ಭಾಗಕ್ಕೆ ತಜ್ಞರ ಸಹಿಯೂ ಬೇಕು. ಅದಕ್ಕೆ ಆರು ಸಾವಿರ ತೆತ್ತೆ. ಪ್ರತಿ ತಿಂಗಳ ಫೋಟೊಗಳಿಗೆ ಅಂದೇ ಹ್ಯಾಶ್ ತೆಗೆದು ಪುಸ್ತಕದಲ್ಲಿ ಬರೆದಿಟ್ಟದ್ದು ವಿಚಾರಣೆಯಲ್ಲಿ ಕೈಹಿಡಿಯಿತು. ಗ್ರಾಮ ಮಟ್ಟದ ಅಧಿಕಾರಿಯ ರುಜು ಆ ಪುಸ್ತಕಗಳಿಗೆ ಹೇಗೆ ಬಿತ್ತು ಎಂಬುದನ್ನು ಮಾತ್ರ ಇಲ್ಲಿ ಬರೆಯುವುದಿಲ್ಲ. ಎದುರಾದಾಗ ಕೇಳಿ.

ಇನ್ನು ಅಂತಾರಾಷ್ಟ್ರೀಯ ಕಾನೂನು. ಅದನ್ನು ಎರಡನೇ ಅರ್ಜಿಯ ಕೊನೆಗೆ ಒಯ್ದು ಮೂರೇ ಪುಟಕ್ಕೆ ಇಳಿಸಿದೆ. ನನಗೆ ಹೆಚ್ಚು ಉಪಯೋಗಕ್ಕೆ ಬಂದದ್ದು, ಏರುತ್ತಿರುವ ಕಡಲಿನಿಂದ ನಮ್ಮನ್ನು ರಕ್ಷಿಸಿಲ್ಲ ಎಂದು ಆಸ್ಟ್ರೇಲಿಯಾದ ಟೊರೆಸ್ ಜಲಸಂಧಿಯ ದ್ವೀಪವಾಸಿಗಳು ಕೊಟ್ಟ ದೂರು. 2022ರ ಸೆಪ್ಟೆಂಬರ್‌ನಲ್ಲಿ ವಿಶ್ವಸಂಸ್ಥೆಯ ಮಾನವ ಹಕ್ಕುಗಳ ಸಮಿತಿ ಆಸ್ಟ್ರೇಲಿಯಾ ತಪ್ಪಿತಸ್ಥ ಎಂದಿತು. ಅದನ್ನು ಗಮನವಿಟ್ಟು ಓದಬೇಕು. ಜೀವದ ಹಕ್ಕಿನ ಉಲ್ಲಂಘನೆ ಆಗಿದೆ ಎಂದು ಸಮಿತಿ ಒಪ್ಪಲಿಲ್ಲ. ಒಪ್ಪಿದ್ದು ನಾಗರಿಕ ಮತ್ತು ರಾಜಕೀಯ ಹಕ್ಕುಗಳ ಅಂತಾರಾಷ್ಟ್ರೀಯ ಒಡಂಬಡಿಕೆಯ 17ನೇ ವಿಧಿ ಮತ್ತು 27ನೇ ವಿಧಿ, ಅಂದರೆ ಮನೆ ಮತ್ತು ಸಂಸ್ಕೃತಿ. ತಪ್ಪು ಎಂದು ಎಣಿಸಿದ್ದು ಜನರನ್ನು ರಕ್ಷಿಸುವ ಕೆಲಸವನ್ನು ಸಕಾಲದಲ್ಲಿ ಮಾಡದೇ ಇದ್ದದ್ದನ್ನು. ನನ್ನ 2019ರ ಅರ್ಜಿಯ ತುಂಬ ಜೀವ, ಜೀವ ಎಂದೇ ಬರೆದಿದ್ದೆ. ಹೊಸ ಅರ್ಜಿಯಲ್ಲಿ ಮನೆ, ಅಂಗಳ, ಬಾವಿ, ದೈವದ ಕಟ್ಟೆ, ಸಮಾಧಿಗಳು ಬಂದವು. ನಮ್ಮ ದೇಶ ಆ ಒಡಂಬಡಿಕೆಯನ್ನು 1979ರಲ್ಲೇ ಒಪ್ಪಿದೆ. ವೈಯಕ್ತಿಕ ದೂರಿನ ಪ್ರೋಟೊಕಾಲ್‌ಗೆ ಸಹಿ ಇಲ್ಲ, ಹಾಗಾಗಿ ನಾವು ಆ ಸಮಿತಿಗೆ ಹೋಗಲಾರೆವು. ಆದರೆ 1993ರ ಮಾನವ ಹಕ್ಕುಗಳ ಸಂರಕ್ಷಣಾ ಕಾಯ್ದೆಯ 2ನೇ ಕಲಮಿನ ವ್ಯಾಖ್ಯೆಯಲ್ಲೇ ಆ ಒಡಂಬಡಿಕೆ ಇದೆ. ನಾನು ಸೇತುವೆ ಕಟ್ಟಿದ್ದು ಅಲ್ಲಿಂದ.

ಕಾರಣದ ಪ್ರಶ್ನೆ ಬಂದೇ ಬಂತು. ಕೊರೆತಕ್ಕೆ ಹವಾಮಾನ ಕಾರಣವೋ, ಅಳಿವೆಯ ತಡೆಗೋಡೆ ಕಾರಣವೋ, ಮರಳು ತೆಗೆದದ್ದು ಕಾರಣವೋ? ನಾನು ಆ ಜಗಳಕ್ಕೆ ಇಳಿಯಲೇ ಇಲ್ಲ. ಕಾರಣ ಯಾವುದೇ ಇರಲಿ, ಅಪಾಯ ಕಣ್ಣೆದುರು ಇದ್ದಾಗ ರಕ್ಷಿಸುವ ಹೊಣೆ ಸರಕಾರದ್ದು ಎಂದೆ. ಸುಪ್ರೀಂ ಕೋರ್ಟ್ 2024ರ ಮಾರ್ಚ್‌ನಲ್ಲಿ ಗ್ರೇಟ್ ಇಂಡಿಯನ್ ಬಸ್ಟರ್ಡ್ ಹಕ್ಕಿಯ ಪ್ರಕರಣದಲ್ಲಿ, ಹವಾಮಾನ ಬದಲಾವಣೆಯ ದುಷ್ಪರಿಣಾಮಗಳಿಂದ ಮುಕ್ತರಾಗಿರುವ ಹಕ್ಕು ನಮ್ಮ ಸಂವಿಧಾನದ 14 ಮತ್ತು 21ನೇ ವಿಧಿಗಳಲ್ಲೇ ಅಡಗಿದೆ ಎಂದಿತಲ್ಲ, ಅದನ್ನು ಒಂದೇ ಪ್ಯಾರಾದಲ್ಲಿ ಇಟ್ಟೆ.

ಇನ್ನೊಂದು ಪಾಠ, ಹವಾಮಾನ ಬದಲಾವಣೆ ತಡೆಯಲು ತಮ್ಮ ಸರಕಾರ ಮಾಡಿದ್ದು ಸಾಲದು ಎಂದು ದೂರಿದ ಸ್ವಿಟ್ಜರ್ಲೆಂಡಿನ ಹಿರಿಯ ಮಹಿಳೆಯರದ್ದು. 2024ರ ಏಪ್ರಿಲ್‌ನಲ್ಲಿ ಅವರು ಸ್ಟ್ರಾಸ್‌ಬರ್ಗ್‌ನ ಯುರೋಪಿಯನ್ ಮಾನವ ಹಕ್ಕುಗಳ ನ್ಯಾಯಾಲಯದಲ್ಲಿ ಗೆದ್ದರು ಎಂದು ಎಲ್ಲರೂ ಬರೆದರು. ನಾಲ್ವರು ಮಹಿಳೆಯರ ವೈಯಕ್ತಿಕ ದೂರುಗಳನ್ನು ಆ ನ್ಯಾಯಾಲಯ ಅಂಗೀಕರಿಸಲಿಲ್ಲ, ಗೆದ್ದದ್ದು ಅವರ ಸಂಘ. ಅದನ್ನು ಓದಿದ ವಾರವೇ ನಮ್ಮೂರಿನವರನ್ನು ಸೇರಿಸಿ 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆಯಡಿ ಸಂಘ ನೋಂದಾಯಿಸಿದೆ. ಏಳು ಜನ ಸಾಕು, ನಾವು ಒಂಬತ್ತು ಮಂದಿ ಹಾಕಿದೆವು. ಖರ್ಚು ನಾಲ್ಕು ಸಾವಿರದ ಆಸುಪಾಸು. ಒಬ್ಬ ಅರ್ಜಿದಾರರ ಮೇಲೆ ಒತ್ತಡ ಹಾಕಿ ಹಿಂತೆಗೆಸುವ ಆಟ ಅಲ್ಲಿಗೆ ನಿಂತಿತು.

2025ರ ಜುಲೈ 23ರಂದು ಹೇಗ್‌ನ ಅಂತಾರಾಷ್ಟ್ರೀಯ ನ್ಯಾಯಾಲಯ, ಹವಾಮಾನ ಬದಲಾವಣೆಯ ವಿಷಯದಲ್ಲಿ ದೇಶಗಳ ಹೊಣೆ ಏನು ಎಂಬ ಬಗ್ಗೆ ತನ್ನ ಸಲಹಾ ಅಭಿಪ್ರಾಯ ಕೊಟ್ಟಿತು. ವನವಾಟು ದೇಶ ಮುಂದಾಳಾಗಿ, ಪೆಸಿಫಿಕ್ ದ್ವೀಪಗಳ ಕಾನೂನು ವಿದ್ಯಾರ್ಥಿಗಳು ಶುರು ಮಾಡಿದ ಕೆಲಸ ಅದು. ಸಲಹೆ ಮಾತ್ರ, ಬದ್ಧವಲ್ಲ ಎಂದು ಮಿತ್ರರು ಮತ್ತೆ ತಲೆ ಅಲ್ಲಾಡಿಸಿದರು. ನಾನು ಆಗಸ್ಟ್‌ನಲ್ಲಿ ಅರ್ಧ ಪುಟದ ಮೆಮೊ ಸಲ್ಲಿಸಿದೆ. ಶ್ರೀಮಂತ ದೇಶಗಳು ಹಳೆಯ ಹೊಣೆ ಹೊರಬೇಕು, ಎಲ್ಲರ ಹೆಗಲಿಗೂ ಒಂದೇ ಭಾರ ಸಲ್ಲದು ಎಂದು ನಮ್ಮ ದೇಶ ಅದೇ ನ್ಯಾಯಾಲಯದಲ್ಲಿ 2024ರ ಡಿಸೆಂಬರ್‌ನಲ್ಲಿ ವಾದಿಸಿತ್ತು. ಆ ವಾದ ನೂರಕ್ಕೆ ನೂರು ಸರಿ ಎಂದು ನಾನು ನಂಬುತ್ತೇನೆ. ಮೆಮೊದಲ್ಲಿ ಬರೆದದ್ದೂ ಅದನ್ನೇ: ಕಡಿಮೆ ಹೊಗೆ ಬಿಟ್ಟವರು ಹೆಚ್ಚು ನಷ್ಟ ಹೊರಬಾರದು ಎಂಬ ನ್ಯಾಯ ಹೇಗ್‌ನಲ್ಲಿ ಸಲ್ಲುವುದಾದರೆ ದೋಣಿ ಹುಟ್ಟು ಹಾಕಿ ಬದುಕಿದ ಈ ಅಜ್ಜಿಗೂ ಸಲ್ಲಬೇಕು. ಎದುರು ಪಕ್ಷದ ವಕೀಲರು ಅದಕ್ಕೆ ಉತ್ತರ ಸಲ್ಲಿಸಲಿಲ್ಲ. ನನ್ನ ಇಪ್ಪತ್ತೆರಡು ವರ್ಷದ ವೃತ್ತಿಯಲ್ಲಿ ಬರೆದ ಅತ್ಯುತ್ತಮ ಅರ್ಧ ಪುಟ ಅದು.

ಹಣವಿಲ್ಲ ಎಂಬ ಕೊನೆಯ ತಕರಾರೂ ಬಂತು. ವಿಪತ್ತು ಪರಿಹಾರ ನಿಧಿಯ ಕೇಂದ್ರದ ಪಟ್ಟಿಯಲ್ಲಿ ಚಂಡಮಾರುತ, ಸುನಾಮಿ ಇವೆ, ಕಡಲ್ಕೊರೆತ ಇಲ್ಲ. ಅದು ನಿಜವೇ. ಆದರೆ 15ನೇ ಹಣಕಾಸು ಆಯೋಗ 2021ರಿಂದ 2026ರ ಅವಧಿಗೆ ಕೊರೆತ ತಡೆಗೆ 1,500 ಕೋಟಿ, ಕೊರೆತದಿಂದ ನೆಲೆ ಕಳೆದುಕೊಂಡವರ ಪುನರ್ವಸತಿಗೆ 1,000 ಕೋಟಿ ರೂಪಾಯಿ ಶಿಫಾರಸು ಮಾಡಿತ್ತು. ಆ ಪುಟದ ಪ್ರತಿಯನ್ನು ಹಳದಿ ಗೆರೆ ಎಳೆದು ಇಟ್ಟೆ.

ಈ ನಡುವೆ ಎರಡು ಪ್ರಯೋಗ ಮಾಡಿದೆ. ನೀರಿನಲ್ಲಿ ಕರಗಿದ ಉಪ್ಪಿನಂಶ ತೋರಿಸುವ ನಾನೂರು ರೂಪಾಯಿಯ ಟಿಡಿಎಸ್ ಮೀಟರ್ ತಂದು ಒಂಬತ್ತು ಬಾವಿಗಳ ನೀರು ನೋಡಿದೆವು. ಒಂದು ಬಾವಿಯಲ್ಲಿ ಡಿಸೆಂಬರ್‌ನಲ್ಲಿ ಇನ್ನೂರರ ಹತ್ತಿರ ಇದ್ದದ್ದು ಏಪ್ರಿಲ್‌ನಲ್ಲಿ ಸಾವಿರದ ಎಂಟುನೂರು ದಾಟಿತು. ನಮ್ಮ ಪುಸ್ತಕಗಳ ಪ್ರಕಾರ, ಅಂಗಳ ಕೊಚ್ಚಿಹೋಗುವ ಒಂದೆರಡು ವರ್ಷ ಮುಂಚೆ ಬಾವಿ ಉಪ್ಪಾಗುತ್ತದೆ. ಒಂಬತ್ತು ಬಾವಿಯ ಲೆಕ್ಕ ಸಾಲದು, ಕುಂದಾಪುರದ ಕಡೆಯವರು ಯಾರಾದರೂ ಮಾಡಿ ನೋಡಬೇಕು. ಇನ್ನೊಂದು, ವಿಶ್ವಸಂಸ್ಥೆಯ ವಿಶೇಷ ವರದಿಗಾರರಿಗೆ (ಮಾನವ ಹಕ್ಕುಗಳ ಸ್ಥಿತಿ ಪರಿಶೀಲಿಸಲು ಅದು ನೇಮಿಸುವ ಸ್ವತಂತ್ರ ತಜ್ಞರು) ಬರೆದ ಪತ್ರ. ಅದಕ್ಕೆ ಯಾವ ಪ್ರೋಟೊಕಾಲ್‌ನ ಸಹಿಯೂ ಬೇಡ, ಖರ್ಚೂ ಇಲ್ಲ. ತಲುಪಿದೆ ಎಂಬ ಉತ್ತರ ಬಂದಿದೆ, ಅಷ್ಟೇ.

ಡ್ರೋನ್ ಖರ್ಚು ಬಿಟ್ಟರೆ ಎರಡನೇ ಸುತ್ತಿಗೆ ಅರವತ್ತು, ಅರವತ್ತೆರಡು ಸಾವಿರ ಆಗಿರಬೇಕು. ನಾನು ಶುಲ್ಕ ತೆಗೆದುಕೊಳ್ಳಲಿಲ್ಲ.

ಉಳಿದ ಹನ್ನೆರಡು ಮನೆಗಳಿಗೆ ಪಹಣಿ ಇಲ್ಲ, ಸರಕಾರಿ ಜಾಗದಲ್ಲಿ ಮೂರು ತಲೆಮಾರಿನಿಂದ ಇದ್ದವರು. ಅವರ ಕರೆಂಟ್ ಬಿಲ್ಲು, ಪಡಿತರ ಚೀಟಿ, ಮಕ್ಕಳ ಶಾಲಾ ದಾಖಲಾತಿ ಒಟ್ಟುಮಾಡುತ್ತಿದ್ದೇವೆ. ಅಜ್ಜಿಗೆ ನಿವೇಶನದ ಪತ್ರ ಸಿಕ್ಕಿದೆ, ಡಬ್ಬಿಯಲ್ಲಿ ರಸೀದಿಗಳ ಮೇಲೆ ಇಟ್ಟಿದ್ದಾರೆ. ಅವರ ಮನೆಯ ಪುಸ್ತಕದಲ್ಲಿ ಇನ್ನೂ ಅರವತ್ತು ಪುಟ ಖಾಲಿ ಇದೆ. ಬರುವ ಅಮಾವಾಸ್ಯೆಗೆ ಟೇಪು ಹಿಡಿಯುವುದು ಅವರ ಮೊಮ್ಮಗಳ ಸರದಿ.