ಕರಾವಳಿಯಲ್ಲಿ ವಸತಿಗೃಹ ನಡೆಸುವವರ ಹೊಣೆ

ಗೋಕರ್ಣದಲ್ಲಾಗಲಿ ಕಾರವಾರದಲ್ಲಾಗಲಿ ಮನೆಯ ಕೆಲವು ಕೋಣೆಗಳನ್ನು ಪ್ರವಾಸಿಗರಿಗೆ ಬಿಡಲು ಹೊರಟವರು ಬಾಡಿಗೆಗಿಂತ ಮೊದಲು ನಿರ್ಧರಿಸಬೇಕಾದದ್ದು, ರಾತ್ರಿ ಆ ಮನೆಯ ಹೊಣೆ ಯಾರದು ಎಂಬುದನ್ನು. 1867ರ ಸರಾಯಿ (ಅಂದರೆ ಪ್ರಯಾಣಿಕರು ತಂಗುವ ಛತ್ರ) ಕಾಯ್ದೆಯು ಮಾಲೀಕನನ್ನಷ್ಟೇ ಅಲ್ಲದೆ ಸರಾಯಿಯ ಉಸ್ತುವಾರಿ ನೋಡಿಕೊಳ್ಳುವ ಯಾರನ್ನೇ ಆಗಲಿ ಅದರ ಪಾಲಕನೆಂದು ಕರೆದು, ಶುಚಿತ್ವ, ನೀರು, ಕಟ್ಟಡದ ದುರಸ್ತಿ, ಕಾವಲು, ದರಪಟ್ಟಿಯ ಪ್ರದರ್ಶನ ಇವೆಲ್ಲವನ್ನೂ ಅವನಿಗೆ ವಹಿಸಿತ್ತು. ಇಂದಿನ ಹೋಮ್‌ಸ್ಟೇಗೂ ಇದು ಚೆನ್ನಾಗಿ ಹೊಂದುವ ಪಟ್ಟಿ. ಆದ್ದರಿಂದ ಮಾಲೀಕರು ಬೇರೆ ಊರಿನಲ್ಲಿದ್ದರೆ, ವೈದ್ಯರನ್ನು ಕರೆಸುವ, ಹಣ ಮರಳಿಸುವ, ಪೊಲೀಸರಿಗೆ ತಿಳಿಸುವ ಅಧಿಕಾರವನ್ನು ಸ್ಥಳದಲ್ಲಿರುವವರಿಗೆ ಕೊಟ್ಟೇ ಕೀಲಿಕೈ ಒಪ್ಪಿಸಬೇಕು.

ಬಂದವರ ಗುರುತಿನ ಚೀಟಿ ನೋಡಿ ಹೆಸರು, ವಿಳಾಸಗಳನ್ನು ದಾಖಲೆ ಪುಸ್ತಕದಲ್ಲಿ ಬರೆಯಿರಿ. ವಿದೇಶಿಯರಾದರೆ 24 ಗಂಟೆಯೊಳಗೆ ನೋಂದಣಾಧಿಕಾರಿಗೆ ಆನ್‌ಲೈನ್ ಮಾಹಿತಿ ಸಲ್ಲಿಸಿ. ಅತಿಥಿಗಳು ಕಾರಿನ ಕೀಲಿಯನ್ನು ನಿಮ್ಮ ಕೈಗೆ ಕೊಟ್ಟರೆ ಕಾರಿನ ಜೋಪಾನವೂ ನಿಮ್ಮದೇ. ದೆಹಲಿಯ ಹೋಟೆಲೊಂದರಲ್ಲಿ ಸಿಬ್ಬಂದಿಗೆ ಒಪ್ಪಿಸಿದ ಕಾರು ಕಳವಾದ ಪ್ರಕರಣದಲ್ಲಿ, ಮುದ್ರಿತ ಷರತ್ತನ್ನು ತೋರಿಸಿ ತನ್ನ ನಿರ್ಲಕ್ಷ್ಯದ ಹೊಣೆಯಿಂದ ಹೋಟೆಲು ನುಣುಚಿಕೊಳ್ಳಲಾಗದು ಎಂದು ಸುಪ್ರೀಂ ಕೋರ್ಟ್ 2019ರಲ್ಲಿ ಹೇಳಿದೆ.

ನಮ್ಮ ಜಿಲ್ಲೆಯಲ್ಲಿ ಎಲ್ಲಕ್ಕಿಂತ ಹೆಚ್ಚು ಎಚ್ಚರ ಬೇಕಾದದ್ದು ಮಳೆಗಾಲಕ್ಕೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕಡಲು ಪ್ರಕ್ಷುಬ್ಧವಾಗಿರುವುದರಿಂದ, ಬಯಲುಸೀಮೆಯಿಂದ ಬಂದು ಮೊದಲ ಬಾರಿಗೆ ಸಮುದ್ರ ನೋಡುವವರಿಗೆ ನೀರಿಗಿಳಿಯಬಾರದೆಂದೂ ಓಂ ಬೀಚಿನ ಬಂಡೆಗಳು ಜಾರುತ್ತವೆಂದೂ ಕೋಣೆ ತೋರಿಸುವಾಗಲೇ ಬಾಯಿಬಿಟ್ಟು ಹೇಳಬೇಕು. ಫಲಕ ಹಾಕಿದರೆ ಸಾಲದು, ಏಕೆಂದರೆ ಅದನ್ನು ಓದುವವರು ಕಡಿಮೆ. ವಿದ್ಯುತ್ ಕೈಕೊಡುವುದರಿಂದ ಪ್ರತಿ ಕೋಣೆಯಲ್ಲೂ ಟಾರ್ಚ್ ಇರಲಿ. ಹಾಸುಬಟ್ಟೆಗಳು ದಿನಗಟ್ಟಲೆ ಒಣಗದ ಕಾರಣ ಹೆಚ್ಚುವರಿ ಜೊತೆಗಳನ್ನಿಟ್ಟುಕೊಂಡು, ಬಚ್ಚಲೊಲೆಯ ಬಿಸಿಯಲ್ಲಿ ಒಣಗಿಸಿಯೇ ಹಾಸಿ. ಮುಗ್ಗಲು ವಾಸನೆಯ ಹಾಸಿಗೆಯನ್ನು ದಣಿದು ಬಂದವರಿಗೆ ಕೊಡುವುದು ಅನ್ಯಾಯ.

ಶಿರಸಿಯ ಕಡೆ ಮನೆಗೆ ಬಂದವರಿಗೆ ಮೊದಲು ಬೆಲ್ಲ, ನೀರು ಕೊಡುವ ರೂಢಿಯಿದೆ. ದುಡ್ಡು ಪಡೆಯುವ ಮನೆಯಲ್ಲೂ ಅದನ್ನು ಬಿಡಬೇಡಿ. ಊಟಕ್ಕೆ ತಂಬುಳಿ, ಅಪ್ಪೆಹುಳಿಯಂಥ ಸಸ್ಯಾಹಾರ ಮಾತ್ರವೋ ಮೀನೂ ಉಂಟೋ ಎಂಬುದನ್ನು ಬುಕಿಂಗ್ ಸಮಯದಲ್ಲೇ ತಿಳಿಸಿ. ಎರಡು ವರ್ಷಕ್ಕೊಮ್ಮೆ ನಡೆಯುವ ಮಾರಿಕಾಂಬಾ ಜಾತ್ರೆಯ ಹೊತ್ತಿಗೆ, ಟ್ಯಾಂಕಿನ ನೀರು ಎಷ್ಟು ಜನರಿಗೆ ಸಾಲುತ್ತದೆಂದು ಲೆಕ್ಕ ಹಾಕಿ ಅಷ್ಟೇ ಜನರನ್ನು ಒಪ್ಪಿಕೊಳ್ಳಿ.

ಹೊರಡುವ ದಿನ ಅತಿಥಿಗಳ ಎದುರಿಗೇ ಕೋಣೆ ನೋಡಿ, ಆಮೇಲೆ ಲೆಕ್ಕ ಚುಕ್ತಾ ಮಾಡಿ. ಅವರು ಹೋದ ಮೇಲೆ ಸಿಕ್ಕ ವಸ್ತುವಿಗೆ ದಿನಾಂಕ, ಕೋಣೆಯ ಸಂಖ್ಯೆ ಬರೆದ ಚೀಟಿ ಕಟ್ಟಿ, ಅಂದೇ ಫೋನ್ ಮಾಡಿ ತಿಳಿಸಿ.