ಹಾರ್ಡ್‌ವೇರ್ ವಾಲೆಟ್ ಕೊಳ್ಳದೆ, ಹಳೆಯ ಮೊಬೈಲಿನಲ್ಲೇ ಕ್ರಿಪ್ಟೋ ಕಾಪಾಡಿಕೊಳ್ಳುವ ಬಗೆ

ದಾವಣಗೆರೆಯಲ್ಲಿ ಎಂಜಿನಿಯರಿಂಗ್ ಮುಗಿಸಿ ಬೆಂಗಳೂರಿಗೆ ಹೋದವರಲ್ಲಿಯೂ, ಇಲ್ಲಿಯೇ ಉಳಿದು ಮನೆಯ ವ್ಯಾಪಾರವನ್ನೋ ಅಡಿಕೆ ತೋಟವನ್ನೋ ನೋಡಿಕೊಳ್ಳುತ್ತಿರುವವರಲ್ಲಿಯೂ ತಿಂಗಳಿಗಿಷ್ಟು ಎಂದು ಬಿಟ್‌ಕಾಯಿನ್ ಕೊಂಡು, ಕೊಂಡ ಆ್ಯಪ್‌ನಲ್ಲಿಯೇ ಅದನ್ನು ಬಿಟ್ಟವರಿದ್ದಾರೆ. ಹಾರ್ಡ್‌ವೇರ್ ವಾಲೆಟ್ ಎಂಬ ಪುಟ್ಟ ಸಾಧನವನ್ನು ಕೊಳ್ಳಿ ಎಂಬ ಸಲಹೆ ಅವರಿಗೆ ಎಲ್ಲೆಡೆ ಸಿಗುತ್ತದೆ. ಆದರೆ ಇಪ್ಪತ್ತು ಮೂವತ್ತು ಸಾವಿರ ರೂಪಾಯಿಯ ಉಳಿತಾಯವನ್ನು ಕಾಯುವುದಕ್ಕೆ ಅದರಲ್ಲೊಂದು ಪಾಲನ್ನು ಸಾಧನಕ್ಕೇ ಸುರಿಯಬೇಕೇ ಎಂಬ ಅವರ ಅಳುಕು ನ್ಯಾಯವಾದದ್ದೇ. ಕಪಾಟಿನಲ್ಲಿ ಬಿದ್ದಿರುವ ಹಳೆಯ ಆಂಡ್ರಾಯ್ಡ್ ಮೊಬೈಲಿನಿಂದ ಬಹುಮಟ್ಟಿಗೆ ಅದೇ ಕೆಲಸವನ್ನು ಮಾಡಿಸಿಕೊಳ್ಳಬಹುದು. ಒಂದು ಭಾನುವಾರದ ಬಿಡುವು, ಕಾಗದ, ಪೆನ್ನು ಮತ್ತು ಆತುರವಿಲ್ಲದ ಮನಸ್ಸು ಇದ್ದರೆ ಸಾಕು.

ನಾವು ಕಾಯಬೇಕಾದದ್ದು ಏನನ್ನು ಎಂಬುದು ಮೊದಲು ಸ್ಪಷ್ಟವಾಗಬೇಕು. ಬಿಟ್‌ಕಾಯಿನ್ ಯಾರ ಮೊಬೈಲಿನ ಒಳಗೂ ಇರುವುದಿಲ್ಲ. ಯಾವ ವಿಳಾಸಕ್ಕೆ ಎಷ್ಟು ಸೇರಿದೆ ಎಂಬ ಲೆಕ್ಕ ಬ್ಲಾಕ್‌ಚೈನ್ ಎಂಬ ಸಾರ್ವಜನಿಕ ಖಾತೆಯಲ್ಲಿರುತ್ತದೆ. ನಮ್ಮ ಬಳಿ ಇರುವುದು ಆ ವಿಳಾಸದಿಂದ ಹಣ ತೆಗೆಯಲು ಸಹಿ ಹಾಕಬಲ್ಲ ಗುಪ್ತ ಕೀಲಿ ಮಾತ್ರ. ಆ ಕೀಲಿಯನ್ನು ಮನುಷ್ಯರು ಬರೆದಿಟ್ಟುಕೊಳ್ಳಲು ಅನುಕೂಲವಾಗಲೆಂದು 2048 ಇಂಗ್ಲಿಷ್ ಪದಗಳ ಒಂದು ನಿಗದಿತ ಪಟ್ಟಿಯಿಂದ ಆಯ್ದ 12 ಅಥವಾ 24 ಪದಗಳ ರೂಪದಲ್ಲಿ ವಾಲೆಟ್ ಆ್ಯಪ್‌ಗಳು ತೋರಿಸುತ್ತವೆ. ಇವೇ ಸೀಡ್ ಪದಗಳು. ಅವು ಯಾರ ಕೈಗೆ ಸಿಕ್ಕರೂ ಹಣ ಅವರದು. ಅವು ಕಳೆದುಹೋಗಿ ಮೊಬೈಲೂ ಕೆಟ್ಟರೆ ಹಣ ಯಾರದೂ ಅಲ್ಲ. ಪಾಸ್‌ವರ್ಡ್ ಬದಲಿಸಿಕೊಡುವ ಶಾಖಾ ವ್ಯವಸ್ಥಾಪಕರು ಇಲ್ಲಿ ಇಲ್ಲ. ಹಾರ್ಡ್‌ವೇರ್ ವಾಲೆಟ್ಟಿನ ಮುಖ್ಯ ಕೆಲಸವೆಂದರೆ ಈ ಕೀಲಿಗೆ ಇಂಟರ್ನೆಟ್ಟಿನ ಗಾಳಿ ಸೋಕದಂತೆ ನೋಡಿಕೊಳ್ಳುವುದು. ಅದನ್ನು ಬೇರೆ ದಾರಿಯಿಂದ ಸಾಧಿಸುವುದೇ ಈ ಬರಹದ ವಿಷಯ.

ಕ್ರಿಪ್ಟೋ ಕೊಳ್ಳುವ, ಮಾರುವ ಆ್ಯಪ್‌ಗೆ ಎಕ್ಸ್‌ಚೇಂಜ್ ಎನ್ನುತ್ತಾರೆ. ಕೊಂಡದ್ದನ್ನು ಎಕ್ಸ್‌ಚೇಂಜಿನಲ್ಲಿಯೇ ಬಿಟ್ಟರೆ ಏನಾಗುತ್ತದೆ ಎಂಬುದಕ್ಕೆ ದೂರದ ಉದಾಹರಣೆ ಬೇಕಿಲ್ಲ. 2024ರ ಜುಲೈ 18ರಂದು ನಮ್ಮ ದೇಶದ ವಜೀರ್‌ಎಕ್ಸ್ ಎಂಬ ಎಕ್ಸ್‌ಚೇಂಜಿನಿಂದ ಸುಮಾರು 23 ಕೋಟಿ ಡಾಲರ್ ಮೌಲ್ಯದ ಕ್ರಿಪ್ಟೋ ಕಳವಾಯಿತು. ಗ್ರಾಹಕರು ತಮ್ಮ ಉಳಿಕೆಯನ್ನು ಹಿಂತೆಗೆಯಲಾಗದೆ ವರ್ಷಕ್ಕೂ ಮೀರಿ ಕಾದರು. 2025ರ ಫೆಬ್ರುವರಿಯಲ್ಲಿ ಬೈಬಿಟ್ ಎಂಬ ವಿದೇಶಿ ಎಕ್ಸ್‌ಚೇಂಜಿನಿಂದ ಹೋದದ್ದು ಸುಮಾರು 150 ಕೋಟಿ ಡಾಲರ್. ಈ ಎರಡೂ ಕಡೆ ಹಲವರು ಸೇರಿ ಸಹಿ ಹಾಕುವ ವ್ಯವಸ್ಥೆಯಿತ್ತು, ಹಾರ್ಡ್‌ವೇರ್ ವಾಲೆಟ್‌ಗಳೂ ಇದ್ದವು. ಪರದೆ ತೋರಿಸಿದ್ದು ಒಂದು, ಸಹಿ ಬಿದ್ದದ್ದು ಇನ್ನೊಂದಕ್ಕೆ. ಆದ್ದರಿಂದ ಸಾಧನ ಕೊಂಡೊಡನೆ ಕಾಳಜಿ ಮುಗಿಯಿತು ಎಂದು ಯಾರೂ ಭಾವಿಸಬಾರದು.

ಮೊಬೈಲನ್ನು ಸಿದ್ಧಪಡಿಸುವುದು

ನಿಮ್ಮದೇ ಬಳಕೆಯ ಹಳೆಯ ಮೊಬೈಲನ್ನೇ ಆರಿಸಿಕೊಳ್ಳಿ. ಸೆಕೆಂಡ್‌ಹ್ಯಾಂಡ್ ಅಂಗಡಿಯಿಂದ ತಂದದ್ದು, ಯಾರೋ ಸಾಫ್ಟ್‌ವೇರ್ ಹಾಕಿಕೊಟ್ಟದ್ದು, ರೂಟ್ ಮಾಡಿದ್ದು (ತಯಾರಕರು ಹಾಕಿದ ಭದ್ರತೆಯ ಬೇಲಿ ಮುರಿದದ್ದು) ಬೇಡ. ಆಂಡ್ರಾಯ್ಡ್ 10 ಅಥವಾ ಅದರ ನಂತರದ ಆವೃತ್ತಿ ಇದ್ದರೆ ಒಳ್ಳೆಯದು. ಕ್ಯಾಮೆರಾ ಕೆಲಸ ಮಾಡುತ್ತಿರಬೇಕು, ಬ್ಯಾಟರಿ ಉಬ್ಬಿರಬಾರದು. ಸಿಮ್ ಮತ್ತು ಮೆಮೊರಿ ಕಾರ್ಡ್ ತೆಗೆದು, ಫ್ಯಾಕ್ಟರಿ ರೀಸೆಟ್ ಮಾಡಿ, ಮನೆಯ ವೈಫೈಗೆ ಒಂದೇ ಒಂದು ಬಾರಿ ಜೋಡಿಸಿ ಬೇಕಾದ ವಾಲೆಟ್ ಆ್ಯಪನ್ನು ಪ್ಲೇ ಸ್ಟೋರಿನಿಂದ ಇಳಿಸಿಕೊಳ್ಳಿ. ಇದೇ ಉದ್ದೇಶಕ್ಕೆಂದು ರೂಪಿಸಿದ ಆ್ಯಪ್ ಏರ್‌ಗ್ಯಾಪ್ ವಾಲ್ಟ್; ಅದು ಹಳೆಯ ಮೊಬೈಲಿನಲ್ಲಿರುತ್ತದೆ, ಅದರ ಜೋಡಿಯಾದ ಏರ್‌ಗ್ಯಾಪ್ ವಾಲೆಟ್ ನಿತ್ಯದ ಮೊಬೈಲಿನಲ್ಲಿರುತ್ತದೆ. ಹುಡುಕಾಟದಲ್ಲಿ ಅದೇ ಹೆಸರಿನ, ಅದೇ ಬಣ್ಣದ ನಕಲಿ ಆ್ಯಪ್‌ಗಳು ಬರಬಹುದಾದ್ದರಿಂದ, ತಯಾರಕರ ಅಧಿಕೃತ ಜಾಲತಾಣದಲ್ಲಿರುವ ಕೊಂಡಿಯಿಂದಲೇ ಪ್ಲೇ ಸ್ಟೋರಿಗೆ ಹೋಗುವುದು ಸರಿಯಾದ ಕ್ರಮ. ವಾಟ್ಸ್‌ಆ್ಯಪ್‌ನಲ್ಲಿಯೋ ಟೆಲಿಗ್ರಾಂನಲ್ಲಿಯೋ ಬಂದ ಎಪಿಕೆ ಫೈಲನ್ನು, ಅಂದರೆ ಪ್ಲೇ ಸ್ಟೋರಿನ ಹೊರಗಿನಿಂದ ಬರುವ ಆ್ಯಪನ್ನು, ಯಾವ ಕಾರಣಕ್ಕೂ ಹಾಕಿಕೊಳ್ಳಬಾರದು.

ಆ್ಯಪ್ ಇಳಿದ ಮೇಲೆ ವೈಫೈ ಪಾಸ್‌ವರ್ಡನ್ನು ಮೊಬೈಲಿನಿಂದ ಅಳಿಸಿ, ಏರೋಪ್ಲೇನ್ ಮೋಡ್ ಹಾಕಿ, ಬ್ಲೂಟೂತ್, ಎನ್‌ಎಫ್‌ಸಿ ಆರಿಸಿ, ಪರದೆಗೆ ಆರಂಕಿಗಿಂತ ಉದ್ದದ ಪಿನ್ ಇಡಿ. ಇಲ್ಲಿಂದ ಮುಂದೆ ಆ ಮೊಬೈಲು ಇಂಟರ್ನೆಟ್ ಕಾಣಬಾರದು. ಸೀಡ್ ಪದಗಳನ್ನು ಸೃಷ್ಟಿಸುವುದು ಈ ಹಂತದ ನಂತರವೇ. ಜಾಲಕ್ಕೆ ಸೇರಿದ್ದಾಗ ಪದಗಳನ್ನು ಸೃಷ್ಟಿಸಿ ಆಮೇಲೆ ವೈಫೈ ಆರಿಸಿದರೆ ಅಷ್ಟು ಶ್ರಮವೂ ನೀರುಪಾಲು. ಮಕ್ಕಳು ಆಟಕ್ಕೆಂದು ಕೇಳಿದರೂ ಕೊಡದಿರುವಷ್ಟು ಕಟ್ಟುನಿಟ್ಟು ಇಲ್ಲಿ ಬೇಕಾಗುತ್ತದೆ. ಕೆಟ್ಟರೆ ಅದನ್ನು ರಿಪೇರಿ ಅಂಗಡಿಗೆ ಒಯ್ಯಬಾರದು. ಪದಗಳು ಬರೆದಿಟ್ಟಿರುವುದರಿಂದ ಇನ್ನೊಂದು ಮೊಬೈಲಿನಲ್ಲಿ ವಾಲೆಟನ್ನು ಎಬ್ಬಿಸಿಕೊಳ್ಳಬಹುದು.

ಪದಗಳನ್ನು ಬರೆದಿಡುವುದು

ಈ ವಿಷಯದಲ್ಲಿ ನಾನು ಹೆಚ್ಚು ಒತ್ತಿ ಹೇಳಬಯಸುವುದು ಇದೊಂದು ಹಂತದ ಬಗ್ಗೆ. ಪದಗಳು ಪರದೆಯ ಮೇಲೆ ಬಂದಾಗ ಕೋಣೆಯಲ್ಲಿ ನೀವೊಬ್ಬರೇ ಇರಬೇಕು, ನಿತ್ಯದ ಮೊಬೈಲು ಬೇರೆ ಕೋಣೆಯಲ್ಲಿರಬೇಕು. ಸ್ಕ್ರೀನ್‌ಶಾಟ್ ಬೇಡ, ಫೋಟೊ ಬೇಡ, ತನಗೆ ತಾನೇ ಕಳುಹಿಸಿಕೊಳ್ಳುವ ವಾಟ್ಸ್‌ಆ್ಯಪ್ ಸಂದೇಶವಂತೂ ಬೇಡವೇ ಬೇಡ. ಗ್ಯಾಲರಿಯ ಚಿತ್ರಗಳಲ್ಲಿ ಸೀಡ್ ಪದಗಳನ್ನು ಹುಡುಕಿ ಓದುವ ಸ್ಪಾರ್ಕ್‌ಕ್ಯಾಟ್ ಎಂಬ ಕಳ್ಳ ತಂತ್ರಾಂಶವನ್ನು 2025ರ ಆರಂಭದಲ್ಲಿ ಕ್ಯಾಸ್ಪರ್‌ಸ್ಕೀ ಸಂಸ್ಥೆ ಬಯಲಿಗೆ ತಂದಿತು. ಅದು ಪ್ಲೇ ಸ್ಟೋರ್ ಮತ್ತು ಆ್ಯಪಲ್‌ನ ಆ್ಯಪ್ ಸ್ಟೋರ್ ಎರಡರಲ್ಲಿಯೂ ಇದ್ದ ಆ್ಯಪ್‌ಗಳೊಳಗೆ ಸೇರಿಕೊಂಡಿತ್ತು. ಜೆರಾಕ್ಸ್ ಅಂಗಡಿಯಲ್ಲಿ ನಕಲು ತೆಗೆಸುವುದು, ಲ್ಯಾಮಿನೇಶನ್‌ಗೆ ಕೊಡುವುದು ಕೂಡ ಪದಗಳನ್ನು ಪರರಿಗೆ ಒಪ್ಪಿಸಿದಂತೆಯೇ.

ಪದಗಳನ್ನು ಇಂಗ್ಲಿಷ್ ದೊಡ್ಡಕ್ಷರಗಳಲ್ಲಿ, ಕ್ರಮಸಂಖ್ಯೆ ಹಾಕಿ ಬರೆಯಿರಿ. ಮನೆಯವರಿಗೆ ಓದಲು ಸುಲಭವಾಗಲೆಂದು ಕನ್ನಡ ಲಿಪಿಯಲ್ಲಿ ಬರೆದಿಡುವ ಆಸೆ ಕೆಲವರಿಗೆ ಆಗುತ್ತದೆ, ಹಾಗೆ ಮಾಡಬಾರದು. ತೊಡು ಎಂಬರ್ಥದ 'ವೇರ್', ಎಲ್ಲಿ ಎಂಬರ್ಥದ 'ವೇರ್' ಎರಡೂ ಆ ಪಟ್ಟಿಯಲ್ಲಿವೆ, ಕನ್ನಡದಲ್ಲಿ ಬರೆದರೆ ಯಾವುದು ಯಾವುದೆಂದು ಹತ್ತು ವರ್ಷದ ನಂತರ ತಿಳಿಯುವುದಿಲ್ಲ. ಬರೆದಾದ ಮೇಲೆ ಪ್ರತಿ ಪದವನ್ನೂ ಬೆರಳಿಟ್ಟು ಪರದೆಯೊಂದಿಗೆ ಮತ್ತೊಮ್ಮೆ ತಾಳೆ ನೋಡಿ. ಯಾವ ಆ್ಯಪಿನಲ್ಲಿ ಮಾಡಿದ್ದು ಎಂಬುದನ್ನೂ ಪಕ್ಕದಲ್ಲಿ ನಮೂದಿಸಿ, ಏಕೆಂದರೆ ಎಲೆಕ್ಟ್ರಮ್ ಎಂಬ ಬಿಟ್‌ಕಾಯಿನ್ ವಾಲೆಟ್ ತನ್ನದೇ ಪದ್ಧತಿಯಲ್ಲಿ ಕೊಡುವ ಪದಗಳು ಬೇರೆ ಹಲವು ವಾಲೆಟ್‌ಗಳಲ್ಲಿ ತೆರೆಯುವುದಿಲ್ಲ.

ಕಾಗದ ಸಾಕೇ? ಕೆಲವು ತಿಂಗಳಿಗೆ ಸಾಕು. ಮಳೆಗಾಲದಲ್ಲಿ ಸೋರುವ ಮಾಳಿಗೆ, ಗೆದ್ದಲು, ಬೆಂಕಿ ಇವನ್ನೆಲ್ಲ ಎಣಿಸಿದರೆ ಉಕ್ಕಿನ ಮೇಲೆ ಒತ್ತಿಡುವುದು ಮೇಲು. ಹಾರ್ಡ್‌ವೇರ್ ಅಂಗಡಿಗಳಲ್ಲಿ ಇಂಗ್ಲಿಷ್ ಅಕ್ಷರಗಳ ಪಂಚ್ ಸೆಟ್ ಸಿಗುತ್ತದೆ. ಎರಡು ಮಿಲಿಮೀಟರ್ ದಪ್ಪದ ಸ್ಟೇನ್‌ಲೆಸ್ ಸ್ಟೀಲ್ ತುಂಡೊಂದನ್ನು ಫ್ಯಾಬ್ರಿಕೇಶನ್ ಶೆಡ್‌ನಲ್ಲಿ ಕತ್ತರಿಸಿ ಕೊಡುತ್ತಾರೆ. ತಗಡನ್ನು ಅಲುಗಾಡದ ಗಟ್ಟಿ ಜಾಗದ ಮೇಲಿಟ್ಟು, ಪಂಚನ್ನು ನೆಟ್ಟಗೆ ಹಿಡಿದು, ಸುತ್ತಿಗೆಯಿಂದ ಒಂದೇ ಬಲವಾದ ಪೆಟ್ಟು ಕೊಡಬೇಕು. ಎರಡನೇ ಪೆಟ್ಟಿಗೆ ಅಕ್ಷರ ಜೋಡಿಯಾಗಿ ಮೂಡುತ್ತದೆ. ಮೊದಲು ಹಳೆಯ ತುಂಡಿನ ಮೇಲೆ ಕೈ ಪಳಗಿಸಿಕೊಳ್ಳಿ. ಪಟ್ಟಿಯಲ್ಲಿರುವ ಯಾವ ಎರಡು ಪದಗಳಿಗೂ ಮೊದಲ ನಾಲ್ಕು ಅಕ್ಷರ ಒಂದೇ ಇರದಂತೆ ಅದನ್ನು ರೂಪಿಸಿದ್ದಾರೆ, ಆದ್ದರಿಂದ ಪ್ರತಿ ಪದದ ನಾಲ್ಕಕ್ಷರ ಒತ್ತಿದರೆ ಸಾಕು. 12 ಪದಗಳಿಗೆ 48 ಪೆಟ್ಟು. ಮೂರೇ ಅಕ್ಷರದ ಪದ ಬಂದರೆ ನಾಲ್ಕನೆಯ ಜಾಗದಲ್ಲಿ ಅಡ್ಡಗೆರೆ ಹಾಕಿ. ಮದುವೆ, ಗೃಹಪ್ರವೇಶಕ್ಕೆ ಕೊಡುವ ಸ್ಟೀಲ್ ಪಾತ್ರೆಗಳ ಮೇಲೆ ಹೆಸರು ಕೊರೆದುಕೊಡುವ ಪಾತ್ರೆ ಅಂಗಡಿಯವರು ಕ್ಷಣದಲ್ಲಿ ಈ ಕೆಲಸ ಮುಗಿಸಬಲ್ಲರು, ಆದರೆ ಅವರ ಕೈಗೆ ಪದಗಳನ್ನು ಕೊಡುವಂತಿಲ್ಲ. ಇದು ಸ್ವಂತ ಕೈಯಿಂದಲೇ ಆಗಬೇಕಾದ ಕೆಲಸ.

ಎರಡು ಪ್ರತಿ ಇರಲಿ, ಎರಡು ಊರುಗಳಲ್ಲಿರಲಿ. ಒಂದು ದಾವಣಗೆರೆಯ ಮನೆಯಲ್ಲಿದ್ದರೆ ಇನ್ನೊಂದು ಚಿತ್ರದುರ್ಗದಲ್ಲಿರುವ ಅಕ್ಕನ ಮನೆಯ ಗಾಡ್ರೇಜ್ ಬೀರುವಿನಲ್ಲಿಯೋ ಬ್ಯಾಂಕ್ ಲಾಕರಿನಲ್ಲಿಯೋ ಇರಬಹುದು. ಹನ್ನೆರಡು ಪದಗಳನ್ನು ಆರಾರಾಗಿ ಹರಿದು ಎರಡು ಕಡೆ ಇಡುವ ಉಪಾಯ ಜಾಣತನವೆಂದು ತೋರುತ್ತದೆ, ಆದರೆ ಒಂದು ಅರ್ಧ ಕಳೆದರೆ ಎಲ್ಲವೂ ಹೋಯಿತು. ಒಂದು ಅರ್ಧ ಕಳ್ಳನಿಗೆ ಸಿಕ್ಕರೆ ಉಳಿದುದನ್ನು ಕಂಪ್ಯೂಟರಿನಿಂದ ಊಹಿಸುವ ಕೆಲಸ ಅಪಾರವಾಗಿ ಹಗುರವಾಯಿತು. ಅದಕ್ಕಿಂತ ಪಾಸ್‌ಫ್ರೇಸ್ ಎಂಬ ಹೆಚ್ಚುವರಿ ಗುಪ್ತಪದವನ್ನು ಸೇರಿಸಿ, ಅದನ್ನು ಬೇರೆಡೆ ಬರೆದಿಡುವುದು ಮೇಲು. ಒಂದು ಎಚ್ಚರಿಕೆ: ಪಾಸ್‌ಫ್ರೇಸಿನಲ್ಲಿ ಒಂದಕ್ಷರ ತಪ್ಪಿದರೂ ಆ್ಯಪ್ ತಪ್ಪೆಂದು ಹೇಳುವುದಿಲ್ಲ, ಖಾಲಿ ವಾಲೆಟ್ಟೊಂದನ್ನು ತೆರೆದು ತೋರಿಸುತ್ತದೆ. ನೆನಪನ್ನು ನೆಚ್ಚುವವರು ಇದರ ತಂಟೆಗೆ ಹೋಗದಿರುವುದೇ ವಾಸಿ.

ದೊಡ್ಡ ಮೊತ್ತವಿರುವವರಿಗೆ ಮೂರು ಕೀಲಿಗಳಲ್ಲಿ ಎರಡರ ಸಹಿ ಬೇಕಾಗುವ ಮಲ್ಟಿಸಿಗ್ ಪದ್ಧತಿಯೂ ಇದೆ. ಬ್ಯಾಂಕ್ ಲಾಕರ್ ತೆರೆಯಲು ಬ್ಯಾಂಕಿನ ಕೀಲಿ, ನಮ್ಮ ಕೀಲಿ ಎರಡೂ ಬೇಕಾಗುವಂತೆ. ಎಲೆಕ್ಟ್ರಮ್, ಸ್ಪ್ಯಾರೊ ಎಂಬ ಎರಡು ವಾಲೆಟ್‌ಗಳಲ್ಲಿಯೂ ಇದಕ್ಕೆ ಅವಕಾಶವಿದೆ. ಆದರೆ ಪದಗಳ ಜೊತೆಗೆ ಮೂರೂ ಕೀಲಿಗಳ ಸಾರ್ವಜನಿಕ ವಿವರವನ್ನೂ ಉಳಿಸಿಕೊಳ್ಳಬೇಕಾಗುವುದರಿಂದ ಹೊಸಬರಿಗೆ ನಾನು ಇದನ್ನು ಸೂಚಿಸುವುದಿಲ್ಲ. ಅಷ್ಟು ಹಣವಿದ್ದರೆ ಹಾರ್ಡ್‌ವೇರ್ ವಾಲೆಟ್ ಕೊಳ್ಳುವುದೇ ವಿವೇಕ.

ಪರೀಕ್ಷೆ, ಆಮೇಲೆ ಹಣ

ಹಳೆಯ ಮೊಬೈಲು ತೋರಿಸುವ ಕ್ಯೂಆರ್ ಕೋಡನ್ನು ನಿತ್ಯದ ಮೊಬೈಲಿನ ಜೋಡಿ ಆ್ಯಪ್‌ನಿಂದ ಸ್ಕ್ಯಾನ್ ಮಾಡಿದಾಗ ಸಾರ್ವಜನಿಕ ಕೀಲಿ ಮಾತ್ರ ಈಚೆಗೆ ಬರುತ್ತದೆ. ಈಗ ನಿತ್ಯದ ಮೊಬೈಲು ಉಳಿಕೆಯನ್ನು ನೋಡಬಲ್ಲದು, ವಿಳಾಸ ಕೊಡಬಲ್ಲದು, ಹಣ ತೆಗೆಯಲಾರದು. ಎಕ್ಸ್‌ಚೇಂಜ್ ಹೊರಗಿನ ವಿಳಾಸಕ್ಕೆ ಕಳುಹಿಸಲು ಬಿಡುತ್ತದೆಯೇ, ಶುಲ್ಕವೆಷ್ಟು ಎಂದು ನೋಡಿಕೊಂಡು, ಕನಿಷ್ಠ ಮೊತ್ತವನ್ನಷ್ಟೇ ಮೊದಲು ಕಳುಹಿಸಿ. ಅದು ತಲುಪಿದ ಮೇಲೆ ಧೈರ್ಯವಾಗಿ ಹಳೆಯ ಮೊಬೈಲಿನ ವಾಲೆಟನ್ನು ಅಳಿಸಿ, ನೀವು ಬರೆದ ಪದಗಳಿಂದಲೇ ಮತ್ತೆ ತೆರೆಯಿರಿ. ಅದೇ ವಿಳಾಸ ಬಂದರೆ ಮಾತ್ರ ಉಳಿದ ಹಣವನ್ನು ಸಾಗಿಸಬೇಕು. ಹಲವರು ಬಿಟ್ಟುಬಿಡುವ ಹಂತವಿದು. ಪದ ತಪ್ಪಾಗಿ ಬರೆದಿದ್ದರೆ ಅದು ಗೊತ್ತಾಗಬೇಕಾದದ್ದು ಇಂದು, ಮೊಬೈಲು ಸತ್ತ ದಿನವಲ್ಲ.

ಹಣ ಕಳುಹಿಸುವಾಗ ನಿತ್ಯದ ಮೊಬೈಲಿನಲ್ಲಿ ವಹಿವಾಟನ್ನು ಸಿದ್ಧಪಡಿಸಿ, ಅದರ ಕ್ಯೂಆರ್ ಕೋಡನ್ನು ಹಳೆಯ ಮೊಬೈಲಿಗೆ ತೋರಿಸಿ, ಅಲ್ಲಿ ಸಹಿ ಹಾಕಿ, ಸಹಿಯಾದ ಕೋಡನ್ನು ಮರಳಿ ಸ್ಕ್ಯಾನ್ ಮಾಡಬೇಕು. ಸಹಿ ಹಾಕುವ ಮುನ್ನ ವಿಳಾಸವನ್ನೂ ಮೊತ್ತವನ್ನೂ ಹಳೆಯ ಮೊಬೈಲಿನ ಪರದೆಯ ಮೇಲೆಯೇ ಓದಬೇಕು. ನಕಲು ಮಾಡಿದ ವಿಳಾಸವನ್ನು ಅಂಟಿಸುವಷ್ಟರಲ್ಲಿ ಬದಲಿಸುವ ವೈರಸ್‌ಗಳಿವೆ. ಮೊದಲ ಮತ್ತು ಕೊನೆಯ ಅಕ್ಷರಗಳು ನಿಮ್ಮ ಪರಿಚಿತ ವಿಳಾಸವನ್ನೇ ಹೋಲುವಂತೆ ಹೊಸ ವಿಳಾಸ ಸೃಷ್ಟಿಸಿ, ಅದರಿಂದ ಚಿಲ್ಲರೆ ಕಳುಹಿಸಿ, ನಿಮ್ಮ ಹಳೆಯ ವಹಿವಾಟಿನ ಪಟ್ಟಿಯೊಳಗೆ ಸೇರಿಕೊಳ್ಳುವ ವಂಚಕರೂ ಇದ್ದಾರೆ. ಆದ್ದರಿಂದ ನಡುವಿನ ಅಕ್ಷರಗಳನ್ನೂ ನೋಡಬೇಕು, ಹಳೆಯ ಪಟ್ಟಿಯಿಂದ ವಿಳಾಸ ಎತ್ತಿಕೊಳ್ಳಬಾರದು.

ಹಳೆಯ ಮೊಬೈಲಿಲ್ಲದೆ ಲ್ಯಾಪ್‌ಟಾಪ್ ಇರುವವರು 8 ಜಿಬಿ ಅಥವಾ ಅದಕ್ಕಿಂತ ದೊಡ್ಡ ಪೆನ್‌ಡ್ರೈವಿನಲ್ಲಿ ಟೇಲ್ಸ್ ಎಂಬ ಉಚಿತ ಕಾರ್ಯವ್ಯವಸ್ಥೆಯನ್ನು ಹಾಕಿ, ಅದರಲ್ಲಿಯೇ ಇರುವ ಎಲೆಕ್ಟ್ರಮ್ಮನ್ನು ಜಾಲ ಆರಿಸಿ ಬಳಸಬಹುದು. ಯಂತ್ರ ಆರಿಸಿದೊಡನೆ ಟೇಲ್ಸ್ ಸಾಮಾನ್ಯವಾಗಿ ಎಲ್ಲವನ್ನೂ ಮರೆಯುವುದರಿಂದ ಪದಗಳನ್ನು ಮೊದಲೇ ಬರೆದುಕೊಂಡಿರಬೇಕು.

ಎಕ್ಸ್‌ಚೇಂಜಿನಿಂದ ಹೊರಡುವ ಮುನ್ನ ಖರೀದಿಯ ಸ್ಟೇಟ್‌ಮೆಂಟನ್ನು ಇಳಿಸಿಟ್ಟುಕೊಳ್ಳಿ. ತನ್ನದೇ ವಾಲೆಟ್ಟಿಗೆ ಸಾಗಿಸುವುದು ಮಾರಾಟವಲ್ಲ. ಆದರೆ ಮುಂದೆ ಮಾರಿದಾಗ 2022ರಿಂದ ಜಾರಿಯಲ್ಲಿರುವ ಶೇ 30ರ ತೆರಿಗೆಯ ಲೆಕ್ಕದಲ್ಲಿ ಕಳೆಯಲು ಬಿಡುವುದು ಕೊಂಡ ಬೆಲೆಯನ್ನು ಮಾತ್ರ, ಅದಕ್ಕೆ ದಾಖಲೆ ಬೇಕು.

ಮನೆಯವರಲ್ಲಿ ಒಬ್ಬರಿಗಾದರೂ ವಿಷಯ ಗೊತ್ತಿರಲಿ. ಪದಗಳನ್ನು ಹೇಳಬೇಕಿಲ್ಲ, ಯಾವ ಆ್ಯಪು, ಉಕ್ಕಿನ ತುಂಡು ಎಲ್ಲಿದೆ, ಅದರಿಂದ ಏನು ಮಾಡಬೇಕು, ಯಾರು ಕೇಳಿದರೂ ಏಕೆ ತೋರಿಸಬಾರದು ಎಂಬುದನ್ನು ಕನ್ನಡದಲ್ಲಿ ಒಂದು ಪುಟ ಬರೆದು, ಮೊಹರು ಮಾಡಿದ ಲಕೋಟೆಯಲ್ಲಿಟ್ಟು ಹೆಂಡತಿಗೋ ಗಂಡನಿಗೋ ಅಪ್ಪ ಅಮ್ಮನಿಗೋ ಕೊಟ್ಟಿರಿ. ಹಳೆಯ ಮೊಬೈಲನ್ನು ಕೆಲವು ತಿಂಗಳಿಗೊಮ್ಮೆ ಗೋಡೆಯ ಪ್ಲಗ್ಗಿಗೆ ಹಾಕಿ ಅರ್ಧದಷ್ಟು ಚಾರ್ಜ್ ಮಾಡಿಡಿ, ಕಂಪ್ಯೂಟರಿಗೆ ಜೋಡಿಸಬೇಡಿ.

ಪದಗಳು ಯಾರ ಕಣ್ಣಿಗಾದರೂ ಬಿದ್ದವು ಎಂಬ ಅನುಮಾನ ಬಂದರೆ ತಡಮಾಡದೆ ಹೊಸ ಪದಗಳ ಹೊಸ ವಾಲೆಟ್ ಮಾಡಿ ಹಣವನ್ನು ಅಲ್ಲಿಗೆ ಸಾಗಿಸಿ. ಹಣ ಹೋಗಿಯೇ ಬಿಟ್ಟಿದ್ದರೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ, ಸೈಬರ್, ಆರ್ಥಿಕ ಮತ್ತು ಮಾದಕವಸ್ತು ಅಪರಾಧಗಳನ್ನು ನೋಡಿಕೊಳ್ಳುವ ಜಿಲ್ಲೆಯ ಸಿಇಎನ್ ಪೊಲೀಸ್ ಠಾಣೆಗೆ ವಹಿವಾಟಿನ ಐಡಿ, ಎರಡೂ ವಿಳಾಸಗಳು ಮತ್ತು ಸಮಯವನ್ನು ಬರೆದುಕೊಂಡು ಹೋಗಿ. ಕಳೆದ ಕ್ರಿಪ್ಟೋ ಮರಳಿ ತರಿಸಿಕೊಡುತ್ತೇವೆ, ಮುಂಗಡ ಕಟ್ಟಿ ಎಂದು ಆ ಹೊತ್ತಿನಲ್ಲಿ ಟೆಲಿಗ್ರಾಂನಲ್ಲಿ ಸಂಪರ್ಕಿಸುವವರಿಗೆ ಒಂದು ರೂಪಾಯಿಯನ್ನೂ ಕೊಡಬೇಡಿ, ಉಳಿದಿರುವ ಪದಗಳನ್ನೂ ಹೇಳಬೇಡಿ.