ಖಾಲಿ ಗೋಡೆಗೆ ಮೊದ್ಲು ಟೇಪ್ ಹಿಡೀರಿ, ಆಮೇಲೆ ಶಾಪಿಂಗ್ ಮಾಡಿ

ಸಾಮಾನೆಲ್ಲಾ ಜೋಡಿಸಿ ಮುಗಿದಿರತ್ತೆ, ಆದ್ರೂ ಹಾಲ್‌ನಲ್ಲಿ ಒಂದು ಗೋಡೆ ಮಾತ್ರ ಬೋಳು ಬೋಳಾಗಿ ಕಾಣ್ತಿರತ್ತೆ. ಆಗ ಹೆಚ್ಚಿನವ್ರು ಮಾಡೋದು ಒಂದೇ, ಫೋನ್‌ನಲ್ಲಿ ಚೆಂದ ಕಂಡ ಒಂದು ಫ್ರೇಮೋ ಗಡಿಯಾರಾನೋ ತರಿಸಿ, ಕುರ್ಚಿ ಹತ್ತಿ ಕೈಗೆ ಸಿಕ್ಕಿದಷ್ಟು ಮೇಲೆ ಮೊಳೆ ಹೊಡೆದು ನೇತುಹಾಕೋದು. ಹಾಕಿದ್ಮೇಲೂ ಗೋಡೆ ಬೋಳಾಗೇ ಇರತ್ತೆ. ತಂದಿರೋ ವಸ್ತು ಚೆನ್ನಾಗೇ ಇರತ್ತೆ, ಆದ್ರೆ ಅಷ್ಟು ದೊಡ್ಡ ಗೋಡೆಗೆ ಅದು ತೀರಾ ಚಿಕ್ಕದು, ಜೊತೆಗೆ ಕಣ್ಣಿಗಿಂತ ತುಂಬಾ ಮೇಲಿದೆ. ನನ್ನ ಪ್ರಕಾರ ಗೋಡೆ ಅಲಂಕಾರದಲ್ಲಿ ಮುಕ್ಕಾಲು ಪಾಲು ಅಳತೆಯ ಕೆಲ್ಸ.

ಮೊದಲು ಗೋಡೇನ ಸುಮ್ನೆ ಒಂದೆರಡು ದಿನ ಗಮನಿಸಿ. ಬಿಸಿಲು ನೇರ ಬೀಳತ್ತಾ? ಬೀಳೋದಾದ್ರೆ ಅಲ್ಲಿ ಫೋಟೋ, ಪ್ರಿಂಟ್, ಜಲವರ್ಣದ ಚಿತ್ರ ಬೇಡ, ಬಣ್ಣ ಮಾಸತ್ತೆ. ಲೋಹದ್ದು, ಮರದ್ದು, ಮಣ್ಣಿಂದು ಹಾಕ್ಬಹುದು. ತೇವ ಇದ್ಯಾ, ಪೇಂಟ್ ಉಬ್ಬಿದ್ಯಾ ನೋಡಿ. ಇದ್ರೆ ಮೊದ್ಲು ಅದನ್ನ ರಿಪೇರಿ ಮಾಡಿಸಿ, ಫ್ರೇಮ್‌ನಿಂದ ಮುಚ್ಚಿದ್ರೆ ಒಳಗೇ ಬೂಷ್ಟು ಹಿಡಿದು ಚಿತ್ರಾನೂ ಹಾಳು. ಆಮೇಲೆ ನೀವು ಆ ಗೋಡೇನ ದಿನಾ ಎಲ್ಲಿಂದ ನೋಡ್ತೀರಿ ಅನ್ನೋದೂ ಮುಖ್ಯ, ಬಾಗಿಲಿಂದ ಒಳಗೆ ಬರ್ತಾನಾ, ಸೋಫಾ ಮೇಲೆ ಕೂತ್ಕೊಂಡಾ, ಹಾಸಿಗೆಯಿಂದಾನಾ.

ಈಗ ಅಗಲ. ಸೋಫಾ, ಮಂಚ, ಮೇಜು ಯಾವುದ್ರ ಮೇಲೆ ಹಾಕ್ತೀರೋ ಅದರ ಅಗಲದಲ್ಲಿ ಸುಮಾರು ಮೂರನೇ ಎರಡು ಭಾಗ ತುಂಬೋ ಹಾಗಿರ್ಲಿ. 6 ಅಡಿ ಸೋಫಾ ಅಂದ್ರೆ 4 ಅಡಿ. ಅದು ಒಂದೇ ದೊಡ್ಡ ಚಿತ್ರ ಆಗಿರ್ಬೇಕು ಅಂತೇನಿಲ್ಲ, ಮೂರು ಫ್ರೇಮ್ ಪಕ್ಕಪಕ್ಕ ಹಾಕಿ ಒಟ್ಟು 4 ಅಡಿ ಬಂದ್ರೂ ಕಣ್ಣು ಅದನ್ನ ಒಂದೇ ವಸ್ತು ಅಂತ ನೋಡತ್ತೆ, ಆದ್ರೆ ಮಧ್ಯೆ 2ರಿಂದ 3 ಇಂಚಷ್ಟೇ ಗ್ಯಾಪ್ ಬಿಡಿ. ಗ್ಯಾಪ್ ಜಾಸ್ತಿ ಆದ್ರೆ ಮೂರೂ ಬಿಡಿಬಿಡಿಯಾಗಿ ಕಾಣತ್ತೆ.

ಎತ್ತರದ ವಿಷಯ ಸ್ವಲ್ಪ ಜಾಸ್ತಿನೇ ಹೇಳ್ತೀನಿ, ಇಲ್ಲೇ ಎಲ್ರೂ ಎಡವೋದು. ಗ್ಯಾಲರಿಗಳಲ್ಲಿ ಸಾಮಾನ್ಯವಾಗಿ ಚಿತ್ರದ ನಡುಭಾಗ ನೆಲದಿಂದ 57ರಿಂದ 60 ಇಂಚು ಎತ್ತರಕ್ಕೆ ಬರೋ ಹಾಗೆ ಹಾಕ್ತಾರೆ, ನಿಂತು ನೋಡೋವ್ರ ಕಣ್ಣಿನ ಮಟ್ಟ ಹೆಚ್ಚುಕಮ್ಮಿ ಅದೇ. ನಡುಭಾಗ ಅಂದೆ, ಮೊಳೆ ಅಲ್ಲ. ಮೊಳೆ ಎಲ್ಲಿ ಬರ್ಬೇಕು ಅಂತ ಹೀಗೆ ಲೆಕ್ಕ ಹಾಕಿ: ಫ್ರೇಮ್ ಎತ್ತರ 24 ಇಂಚು ಇದ್ರೆ ಅದರ ಅರ್ಧ 12, 57ಕ್ಕೆ ಸೇರಿಸಿದ್ರೆ 69. ಫ್ರೇಮ್ ಹಿಂದಿನ ತಂತೀನ ಬೆರಳಲ್ಲಿ ಮೇಲಕ್ಕೆ ಎಳೆದು ಹಿಡೀರಿ, ಅದು ಫ್ರೇಮ್‌ನ ಮೇಲಿನ ಅಂಚಿಗಿಂತ 2 ಇಂಚು ಕೆಳಗೆ ನಿಂತ್ರೆ ಆ 2 ಕಳೀರಿ, 67 ಇಂಚಿಗೆ ಮೊಳೆ. ಸೋಫಾ ಮೇಲಾದ್ರೆ ಈ ಲೆಕ್ಕ ಬಿಟ್ಟು ಸೋಫಾ ಬೆನ್ನಿಂದ 6ರಿಂದ 8 ಇಂಚು ಮೇಲೆ ಫ್ರೇಮ್‌ನ ಕೆಳಗಿನ ಅಂಚು ಬರ್ಲಿ ಸಾಕು, ಅದಕ್ಕಿಂತ ಮೇಲೆ ಹೋದ್ರೆ ಸೋಫಾಗೂ ಚಿತ್ರಕ್ಕೂ ಸಂಬಂಧಾನೇ ಇಲ್ಲದಂಗೆ ಕಾಣತ್ತೆ.

ತುಂಬಾ ಫ್ರೇಮ್‌ಗಳನ್ನ ಒಟ್ಟಿಗೆ ಹಾಕೋ ಆಸೆ ಇದ್ರೆ ಹಳೇ ಪೇಪರ್ ತಗೊಂಡು ಒಂದೊಂದು ಫ್ರೇಮ್ ಅಳತೆಗೂ ಕತ್ತರಿಸಿ, ಮೊಳೆ ಬರೋ ಜಾಗಕ್ಕೆ ಪೇಪರ್ ಮೇಲೇ ಗುರುತು ಹಾಕಿ, ಮಾಸ್ಕಿಂಗ್ ಟೇಪ್‌ನಿಂದ ಗೋಡೆಗೆ ಅಂಟಿಸಿ. ದೊಡ್ಡದನ್ನ ನಡುವಿಂದ ಸ್ವಲ್ಪ ಪಕ್ಕಕ್ಕೆ ಇಟ್ಟು ಉಳಿದಿದ್ದನ್ನ ಸುತ್ತ ಜೋಡಿಸ್ತಾ ಹೋಗಿ. ಒಂದು ರಾತ್ರಿ ಹಂಗೇ ಬಿಡಿ, ಬೆಳಿಗ್ಗೆ ಎದ್ದು ನೋಡಿದಾಗ ಎಲ್ಲಿ ಭಾರ ಜಾಸ್ತಿ ಆಯ್ತು ಅಂತ ತಾನಾಗೇ ಗೊತ್ತಾಗತ್ತೆ. ಓಕೆ ಅನ್ಸಿದ್ರೆ ಪೇಪರ್ ಮೇಲಿನ ಗುರುತಿಗೇ ಮೊಳೆ ಹೊಡೆದು ಪೇಪರ್ ಹರಿದು ತೆಗೀರಿ. ಫ್ರೇಮ್‌ಗಳು ಬೇರೆಬೇರೆ ಸೈಜ್ ಇರ್ಲಿ ಪರವಾಗಿಲ್ಲ, ಒಂದೇನಾದ್ರೂ ಎಲ್ಲದ್ರಲ್ಲೂ ಸಾಮಾನ್ಯವಾಗಿರ್ಲಿ, ಫ್ರೇಮ್ ಬಣ್ಣಾನೋ ಒಳಗಿನ ಬಿಳಿ ಅಂಚೋ.

ಡ್ರಿಲ್ ಮಾಡೋರು ಗಮನಿಸಿ, ಸ್ವಿಚ್ ಬೋರ್ಡ್‌ನ ನೇರ ಮೇಲೆ, ಕೆಳಗೆ ಮತ್ತು ಅಡ್ಡಕ್ಕೆ ತೂತು ಹಾಕ್ಬೇಡಿ, ಒಳಗೆ ವೈರ್ ಹೋಗೋದು ಸಾಮಾನ್ಯವಾಗಿ ಅದೇ ದಾರೀಲಿ. ಬಾತ್‌ರೂಮ್, ಅಡುಗೆಮನೆ ಗೋಡೆ ಆಚೆ ಇದ್ರೆ ಪೈಪ್ ಬಗ್ಗೆನೂ ಯೋಚ್ನೆ ಮಾಡಿ. ಇಟ್ಟಿಗೆ, ಕಾಂಕ್ರೀಟ್ ಗೋಡೆಗೆ ಮೇಸನ್ರಿ ಬಿಟ್ (ಗಟ್ಟಿ ಗೋಡೆ ಕೊರೆಯೋ ಡ್ರಿಲ್ ಮೊನೆ) ಹಾಕಿ, ಅದೇ ಸೈಜಿನ ವಾಲ್ ಪ್ಲಗ್ (ಸ್ಕ್ರೂ ಹಿಡ್ಕೊಳ್ಳೋಕೆ ತೂತಿಗೆ ಹಾಕೋ ಪ್ಲಾಸ್ಟಿಕ್ ಕೊಳವೆ) ತೂರಿಸಿ ಸ್ಕ್ರೂ ಬಿಗೀರಿ. ಜಿಪ್ಸಮ್ ಬೋರ್ಡ್, ಅಂದ್ರೆ ತಟ್ಟಿದ್ರೆ ಟೊಳ್ಳು ಸದ್ದು ಬರೋ ಹಲಗೆ ಗೋಡೆ ಆದ್ರೆ, ಸ್ಕ್ರೂ ಕಚ್ಚಿ ಹಿಡಿಯೋಕೆ ಅದಕ್ಕೇ ಅಂತ ಬರೋ ಆಂಕರ್ ಬೇಕು, ಬರೀ ಸ್ಕ್ರೂ ನಿಲ್ಲಲ್ಲ. ಅಗಲದ ಫ್ರೇಮ್‌ಗೆ ಒಂದರ ಬದಲು ಎರಡು ಹುಕ್ ಹಾಕಿ, ಪದೇಪದೇ ಓರೆ ಆಗೋದು ನಿಲ್ಲತ್ತೆ.

ಬಾಡಿಗೆ ಮನೆ, ತೂತು ಹಾಕಂಗಿಲ್ಲ ಅನ್ನೋರಿಗೆ ಅಂಟಿಸೋ ಸ್ಟ್ರಿಪ್ ಇದೆ. ಗೋಡೆ ಒರೆಸಿ ಪೂರ್ತಿ ಒಣಗ್ಸಿ, ಅರ್ಧ ನಿಮಿಷ ಗಟ್ಟಿಯಾಗಿ ಒತ್ತಿ ಹಿಡಿದು, ಪ್ಯಾಕೆಟ್ ಮೇಲೆ ಬರೆದಿರೋ ತೂಕ ಮೀರದ ಹಾಗೆ ನೋಡ್ಕೊಳ್ಳಿ. ಸುಣ್ಣ ಬಳಿದ ಗೋಡೇಲಿ, ಪುಡಿ ಉದುರೋ ಡಿಸ್ಟೆಂಪರ್ ಮೇಲೆ ಇದು ನಿಲ್ಲಲ್ಲ. ಕನ್ನಡಿ, ಗಾಜಿನ ದೊಡ್ಡ ಫ್ರೇಮ್ ಇದ್ರಲ್ಲಿ ಹಾಕ್ಲೇಬೇಡಿ, ಅದ್ರಲ್ಲೂ ಮಂಚದ ತಲೆ ಕಡೆ. ಇನ್ನೊಂದು ದಾರಿ, ದೊಡ್ಡ ಚಿತ್ರಾನ ಮೇಜಿನ ಮೇಲೆ ಇಟ್ಟು ಗೋಡೆಗೆ ಒರಗಿಸೋದು. ನಂಗೆ ತುಂಬಾ ಇಷ್ಟ ಇದು, ಬೇಜಾರಾದಾಗ ಬದಲಾಯಿಸ್ಬಹುದು, ಆದ್ರೆ ಓಡಾಡೋ ಚಿಕ್ಕ ಮಕ್ಕಳಿರೋ ಮನೇಲಿ ಬೇಡ.

ಚಿತ್ರಾನೇ ಹಾಕ್ಬೇಕು ಅಂತಿಲ್ಲ. ಕನ್ನಡಿ ಹಾಕೋದಾದ್ರೆ ಕಿಟಕಿ ಎದುರು ಅಥ್ವಾ ಕಿಟಕಿ ಪಕ್ಕದ ಗೋಡೇಲಿ ಹಾಕಿ, ಬೆಳಕು ಒಳಗೆ ಹರಡತ್ತೆ, ಆದ್ರೆ ಮೊದ್ಲು ಯಾರಿಗಾದ್ರೂ ಹಿಡ್ಕೊಳ್ಳೋಕೆ ಹೇಳಿ ಅದ್ರಲ್ಲಿ ಏನು ಕಾಣತ್ತೆ ನೋಡ್ಕೊಳ್ಳಿ, ಬಟ್ಟೆ ರಾಶಿ ಎದುರಿಗಿದ್ರೆ ರಾಶಿ ಎರಡಾಗತ್ತೆ. ಮಾತಾಡಿದ್ರೆ ದನಿ ಗುಂಯ್ ಅನ್ನೋ ರೂಮಿಗೆ ಬಟ್ಟೆ ಒಳ್ಳೇದು. ದಪ್ಪ ನೇಯ್ಗೆಯ ಶಾಲು, ಕಸೂತಿ, ಸಣ್ಣ ಜಮಖಾನ ಯಾವುದಾದ್ರೂ ಸರಿ, ಮೇಲಂಚಿನ ಹಿಂದೆ ಒಂದು ಪಟ್ಟಿ ಹೊಲಿದು ಅದ್ರೊಳಗೆ ಕೋಲು ತೂರಿಸಿ ನೇತುಹಾಕಿದ್ರೆ ದನೀನೂ ಸ್ವಲ್ಪ ಹೀರ್ಕೊಳ್ಳತ್ತೆ.

ಮೆಟ್ಟಿಲ ಪಕ್ಕದ ಗೋಡೇಲಿ ನೆಲದಿಂದ ಅಳೆಯೋಕಾಗಲ್ಲ, ಪ್ರತಿ ಮೆಟ್ಟಿಲಿಂದ 57 ಇಂಚು ಅಳೆದು ಗುರುತು ಹಾಕಿ, ಫ್ರೇಮ್‌ಗಳು ಮೆಟ್ಟಿಲ ಓರೆಯಲ್ಲೇ ಮೇಲಕ್ಕೆ ಹೋಗ್ತವೆ. ಖಾಲಿ ಮೂಲೆಗೆ ಎತ್ತರದ ಲ್ಯಾಂಪ್ ಒಂದೇ ಸಾಕಾಗತ್ತೆ. ಗಿಡ ಇಡೋದಾದ್ರೆ ಕಮ್ಮಿ ಬೆಳಕಲ್ಲೂ ತಡ್ಕೊಳ್ಳೋ ಮನಿ ಪ್ಲಾಂಟ್, ಸ್ನೇಕ್ ಪ್ಲಾಂಟ್ ಇಡಿ, ಪೂರ್ತಿ ಕತ್ತಲಿರೋ ಮೂಲೇಲಿ ಅವೂ ಬದುಕಲ್ಲ. ಇಷ್ಟೆಲ್ಲಾ ಮಾಡಿದ್ಮೇಲೆ ಒಂದು ಗೋಡೇನ ಹಂಗೇ ಖಾಲಿ ಬಿಡಿ, ಟಿವಿ ಇರೋ ಗೋಡೆ ಆದ್ರೆ ಇನ್ನೂ ಒಳ್ಳೇದು, ಅಲ್ಲಿ ಪರದೆ ಸುತ್ತ ಫ್ರೇಮ್ ತುಂಬಿದ್ರೆ ಕಣ್ಣು ಎಲ್ಲೂ ನಿಲ್ಲಲ್ಲ.